ಕಲ್ಲುಗುಡ್ಡದ ಬಟರ್‌ಕಪ್

ಮಸ್ಕಿ ಎಂದೊಡನೆ ನೆನಪಾಗುವುದು ಅಶೋಕನ ಶಾಸನ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಬಿದ್ದ ಈ ಬರಹದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರೂ ಇತ್ತು. ದೇಶದುದ್ದಕ್ಕೂ ಬಂಡೆಗಳ ಮೇಲೆ ಮಾತಾಡಿದ ದೊರೆ ಇವನೇ ಎಂಬ ವಿದ್ವಾಂಸರ ಊಹೆ ಇದರಿಂದ ಗಟ್ಟಿಯಾಯಿತು. ಅದೇ ದೊರೆ ತನ್ನ ಎರಡನೆಯ ಬಂಡೆ ಶಾಸನದಲ್ಲಿ, ಔಷಧಿಯ ಮೂಲಿಕೆಗಳು, ಬೇರುಗಳು, ಹಣ್ಣುಗಳು ಎಲ್ಲಿಲ್ಲವೋ ಅಲ್ಲಿಗೆ ತರಿಸಿ ನೆಡಿಸಿದ್ದಾಗಿ ಹೇಳಿಕೊಂಡಿದ್ದಾನೆ. ಬೇರೆ ನೆಲದ ಗಿಡವನ್ನು ತಂದು ಬೆಳೆಸುವ ಹಂಬಲ ಅಷ್ಟು ಹಳೆಯದು.

ಇಂಗ್ಲಿಷರಿಗೂ ಆ ಹಂಬಲವಿತ್ತು. ಆದರೆ ಅವರ ನಾಡಿನ ಹಳದಿ ಹೂ ಬಟರ್‌ಕಪ್ ತಂಪು ಹುಲ್ಲುಗಾವಲಿನದು, ತೇವದ ಮಣ್ಣಿನದು. ಅದರ ಕುಲನಾಮ ‘ರನನ್‌ಕ್ಯುಲಸ್’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಪುಟ್ಟ ಕಪ್ಪೆ! ನೀಲಗಿರಿಯ ಎತ್ತರದಲ್ಲೇನೋ ಅದರ ಬಂಧುಗಳಿವೆ. ಮಸ್ಕಿಯ ಬಿಸಿಲನ್ನು ಅದು ತಾಳದು. ತುಂಗಭದ್ರಾ ಎಡದಂಡೆ ಕಾಲುವೆ ಪಕ್ಕದ ಸಿಂಧನೂರಿಗೆ ಭತ್ತವನ್ನು ತಂದಿತೇ ಹೊರತು ಬೇಸಿಗೆಯ ಝಳವನ್ನು ತಗ್ಗಿಸಲಿಲ್ಲ. ಹೀಗಾಗಿ ಬಯಲುಸೀಮೆಗೆ ಗಿಡ ಬರಲಿಲ್ಲ, ಹೆಸರು ಮಾತ್ರ ಬಂತು. ದಖನ್ನಿನ ಒಣ ಕಲ್ಲುಗುಡ್ಡಗಳಲ್ಲಿ ಬೆಳೆಯುವ ಒಂದು ಮರವನ್ನು ಅವರು ‘ಬಟರ್‌ಕಪ್ ಟ್ರೀ’ ಎಂದು ಕರೆದರು.

ಕನ್ನಡದಲ್ಲಿ ಅದು ಅರಿಸಿನ ಬೂರುಗ. ನಮ್ಮ ಹೆಸರೇ ಹೆಚ್ಚು ವಿಷಯ ಹೇಳುತ್ತದೆ. ಹೂವಿಗೆ ಅರಿಸಿನದ ಬಣ್ಣ. ಕಾಯಿಯೊಳಗೆ ಬೂರುಗದಂತೆಯೇ ದಿಂಬಿಗೆ ತುಂಬುವ ಅರಳೆ. ಶಿವರಾತ್ರಿಯ ಆಸುಪಾಸಿನಲ್ಲಿ ಎಲೆಯೆಲ್ಲ ಉದುರಿದ ಬೋಳು ಕೊಂಬೆಗಳ ತುದಿಯಲ್ಲಿ ಅಂಗೈಯಗಲದ ಹೂಗಳು ಅರಳುತ್ತವೆ. ಭಾರತವನ್ನು ಕಾಣದ ಲಿನೇಯಸ್ ಕೂಡ 1753ರಲ್ಲಿ ಇದನ್ನು ಬೂರುಗದ ಕುಲಕ್ಕೇ ಸೇರಿಸಿ ‘ಬಾಂಬಾಕ್ಸ್ ರಿಲಿಜಿಯೋಸಮ್’ ಎಂದ. ನಂತರದವರು ಕುಲ ಬದಲಿಸಿ ‘ಕಾಕ್ಲೋಸ್ಪರ್ಮಮ್’ ಮಾಡಿದರು. ದೇವರಿಗೆ ಏರಿಸುವ ಹೂ ಎಂಬುದನ್ನು ಸೂಚಿಸುವ ‘ರಿಲಿಜಿಯೋಸಮ್’ ಮಾತ್ರ ಉಳಿದುಕೊಂಡಿತು.

ಬೆಳೆಸುವುದು ಕಷ್ಟವಲ್ಲ. ಬೀಜದ ಸಿಪ್ಪೆ ಗಟ್ಟಿ; ತುಸು ಉಜ್ಜಿ, ನೆನೆಸಿ ಬಿತ್ತಬೇಕು. ಬಲಿತ ಕೊಂಬೆಯನ್ನು ನೆಟ್ಟರೂ ಚಿಗುರುತ್ತದೆ. ಹೂ ಮುಗಿದು ಎಲೆ ಮೂಡುವ ಮೊದಲಿನ ದಿನಗಳು ಇದಕ್ಕೆ ತಕ್ಕವು. ಬುಡದಲ್ಲಿ ನೀರು ನಿಲ್ಲಬಾರದು. ಸೀಮೆಯ ಬಟರ್‌ಕಪ್ ಬೇಡುವ ಜವುಗು ಇದಕ್ಕೆ ಆಗದು.

ಮರ ಮೆದು. ತೊಲೆಗೂ ಬಾರದು, ಸೌದೆಗೂ ಅಷ್ಟಕ್ಕಷ್ಟೆ. ಆದರೆ ತೊಗಟೆಯನ್ನು ಕಚ್ಚು ಹಾಕಿದರೆ ಸುರಿಯುವ ಅಂಟಿಗೆ ಪೇಟೆಯಲ್ಲಿ ಬೆಲೆಯಿದೆ. ಮಿತಿಮೀರಿ ಕೊಚ್ಚಿಸಿಕೊಂಡ ಮರ ನಿಂತಲ್ಲೇ ಒಣಗುತ್ತದೆ. ಅಂಥ ಗುಡ್ಡದಲ್ಲಿ ಬೀಜಕ್ಕೆ ಕಾಯಿಯೂ ಸಿಗುವುದಿಲ್ಲ, ನೆಡಲು ಕೊಂಬೆಯೂ ಸಿಗುವುದಿಲ್ಲ.