ಇಬ್ಬರು ಆಟಗಾರರ ಮೇಲಿನ ತಕರಾರು

ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ಕಬಡ್ಡಿ ಸೋತ ತಂಡದವರು ತೀರ್ಪುಗಾರರ ಮೇಜಿನ ಹತ್ತಿರ ಹೋಗಿ, "ಆ ಹುಡುಗ ಆ ಶಾಲೆಯವನೇ ಅಲ್ಲ ಸಾರ್" ಎಂದು ತಕರಾರು ತೆಗೆಯುವುದನ್ನು ನಮ್ಮ ಶಾಲೆಯಲ್ಲಿ ಓದಿದವರೆಲ್ಲ ನೋಡಿರುತ್ತೀರಿ. ಒಮ್ಮೊಮ್ಮೆ ಅದು ನಿಜವೂ ಆಗಿರುತ್ತಿತ್ತು! ಇಂಥದೇ ತಕರಾರೊಂದು ನೂರು ವರ್ಷಗಳ ಹಿಂದೆ ದೇಶ ದೇಶಗಳ ನಡುವೆ ಎದ್ದಿತ್ತು.

ಅರ್ಜೆಂಟೀನಾ 1816ರ ಜುಲೈ 9ರಂದು ಸ್ವಾತಂತ್ರ್ಯ ಘೋಷಿಸಿಕೊಂಡಿತು. ಅದರ ಶತಮಾನೋತ್ಸವದ ಅಂಗವಾಗಿ 1916ರ ಜುಲೈನಲ್ಲಿ ಬ್ಯೂನಸ್ ಐರಿಸ್ ನಗರದಲ್ಲಿ ಫುಟ್‌ಬಾಲ್ ಪಂದ್ಯಾವಳಿ ಏರ್ಪಟ್ಟಿತು. ನೆರೆಯ ಉರುಗ್ವೆ, ಚಿಲಿ, ಬ್ರೆಜಿಲ್ ತಂಡಗಳು ಬಂದವು. ಇಂದಿನ ಕೋಪಾ ಅಮೆರಿಕಾ ಪಂದ್ಯಾವಳಿಯ ಆರಂಭ ಇದೇ. ಆಗ ಯುರೋಪಿನಲ್ಲಿ ಮಹಾಯುದ್ಧ. ಫ್ರಾನ್ಸಿನಲ್ಲಿ ಸೋಮ್ ಕದನ ಶುರುವಾದ ಮಾರನೆಯ ದಿನ, ಜುಲೈ 2ರಂದು, ಇಲ್ಲಿ ಮೊದಲ ಪಂದ್ಯ.

ಅದರಲ್ಲಿ ಉರುಗ್ವೆ 4-0 ಗೋಲುಗಳಿಂದ ಚಿಲಿಯನ್ನು ಸೋಲಿಸಿತು. ಪಿಯೆಂಡಿಬೆನೆ ಎರಡು, ಇನ್ನೂ ಇಪ್ಪತ್ತು ತುಂಬದ ಇಸಬೆಲಿನೊ ಗ್ರಾಡಿನ್ ಎರಡು ಗೋಲು ಹೊಡೆದರು. ಸೋತ ಚಿಲಿಯವರು ಪಂದ್ಯವನ್ನೇ ರದ್ದು ಮಾಡಬೇಕೆಂದು ಕೇಳಿದರು. ಕಾರಣ, ಉರುಗ್ವೆ ತಂಡದಲ್ಲಿ ಇಬ್ಬರು 'ಆಫ್ರಿಕನ್ನರು' ಆಡಿದ್ದಾರಂತೆ! ಒಬ್ಬ ಗ್ರಾಡಿನ್, ಇನ್ನೊಬ್ಬ ಹುವಾನ್ ಡೆಲ್ಗಾಡೊ. ಇಬ್ಬರೂ ಉರುಗ್ವೆಯವರೇ. ಅವರ ಪೂರ್ವಿಕರನ್ನು ಆಫ್ರಿಕಾದಿಂದ ಗುಲಾಮರನ್ನಾಗಿ ಹಡಗಿನಲ್ಲಿ ತಂದವರು ಯುರೋಪಿನವರು. ಹಾಗೆ ನೋಡಿದರೆ ಚಿಲಿ ತಂಡದ ಎಷ್ಟೋ ಮಂದಿಯ ಪೂರ್ವಿಕರೂ ಸಮುದ್ರ ದಾಟಿ ಬಂದವರೇ ಅಲ್ಲವೆ? ಅವರನ್ನು ಯಾರೂ ಹೊರಗಿನವರು ಎನ್ನಲಿಲ್ಲ.

ತಕರಾರು ನಿಲ್ಲಲಿಲ್ಲ, ಫಲಿತಾಂಶ ಬದಲಾಗಲಿಲ್ಲ. ಆದರೆ ಮೈಬಣ್ಣದ ಸಂಕಟ ಒಂದೇ ತಂಡದ್ದಾಗಿರಲಿಲ್ಲ. ಬ್ರೆಜಿಲ್ ಪರ ಆಡಿದ ಫ್ರೀಡನ್‌ರೈಶ್‌ನ ತಂದೆ ಜರ್ಮನ್ ಮೂಲದವರು, ತಾಯಿ ಕಪ್ಪು ಜನಾಂಗದವರು. ಆತ ಪಂದ್ಯಕ್ಕೆ ಮುನ್ನ ಗುಂಗುರು ಕೂದಲನ್ನು ಎಣ್ಣೆ ಹಚ್ಚಿ ನೇರ ಮಾಡಿಕೊಳ್ಳುತ್ತಿದ್ದನೆಂದು ಹೇಳುತ್ತಾರೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಗೋಲುಗಳಿಗಿಂತ ಇದೇ.

ಜುಲೈ 9ರಂದೇ ದಕ್ಷಿಣ ಅಮೆರಿಕದ ಫುಟ್‌ಬಾಲ್ ಒಕ್ಕೂಟ ಸ್ಥಾಪನೆಯಾಯಿತು. ಜುಲೈ 16ರ ಕೊನೆಯ ಪಂದ್ಯ ಅರ್ಜೆಂಟೀನಾ ಮತ್ತು ಉರುಗ್ವೆ ನಡುವೆ. ಹಿಡಿಸಲಾರದಷ್ಟು ಜನ ನುಗ್ಗಿ, ಐದೇ ನಿಮಿಷಕ್ಕೆ ಆಟ ನಿಂತು, ಸಿಟ್ಟಿಗೆದ್ದವರು ಪ್ರೇಕ್ಷಕರ ಅಟ್ಟಣಿಗೆಗೆ ಬೆಂಕಿ ಇಟ್ಟರು. ಮರುದಿನ ಬೇರೆ ಮೈದಾನದಲ್ಲಿ ಆಡಿದಾಗ 0-0. ಒಟ್ಟು 5 ಅಂಕ ಪಡೆದ ಉರುಗ್ವೆ ಗೆದ್ದಿತು. ಕೊಡಲು ಕಪ್ಪೇ ಇರಲಿಲ್ಲ. ಅದು ಬಂದದ್ದು ಮರುವರ್ಷ.

ಪಂದ್ಯಾವಳಿಯಲ್ಲಿ ಅತಿ ಹೆಚ್ಚು ಗೋಲು ಹೊಡೆದವನು ಗ್ರಾಡಿನ್, ಮೂರು ಗೋಲು. ಆತ ಓಟಗಾರನೂ ಹೌದು. 1919ರಲ್ಲಿ ಮಾಂಟೆವಿಡಿಯೊದಲ್ಲಿ ನಡೆದ ದಕ್ಷಿಣ ಅಮೆರಿಕದ ಅಥ್ಲೆಟಿಕ್ಸ್ ಕೂಟದಲ್ಲಿ 200 ಮೀಟರ್, 400 ಮೀಟರ್ ಎರಡರಲ್ಲೂ ಮೊದಲಿಗನಾದ. ಆ ಕೂಟಕ್ಕೆ ಚಿಲಿಯವರೂ ಬಂದಿದ್ದರು.