ನ್ಯಾಯಾಲಯ ಅಳೆದ ಮೈಬಣ್ಣ

ಜನಾಂಗ ಎಂಬುದು ಎಲ್ಲಿದೆ? ಮೈಬಣ್ಣದಲ್ಲೇ, ರಕ್ತದಲ್ಲೇ ಅಥವಾ ನೋಡುವವರ ಕಣ್ಣಿನಲ್ಲೇ? 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ ಪ್ರಶ್ನೆಗೆ ಉತ್ತರ ಹೇಳಬೇಕಾಯಿತು. ಕಾರಣರಾದವರು ಪಂಜಾಬಿನ ಸಿಖ್ಖರಾದ ಭಗತ್ ಸಿಂಗ್ ಥಿಂದ್. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲಿದ್ದ ಅವರು ಅಲ್ಲಿನ ಪೌರತ್ವ ಬಯಸಿದ್ದರು.

1790ರ ಕಾಯಿದೆಯಂತೆ ವಲಸೆ ಬಂದವರಲ್ಲಿ ಬಿಳಿಯರಿಗೆ ಮಾತ್ರ ಪೌರತ್ವ ದೊರೆಯುತ್ತಿತ್ತು. 1870ರಲ್ಲಿ ಆಫ್ರಿಕಾ ಮೂಲದವರನ್ನೂ ಸೇರಿಸಲಾಯಿತು. ಉಳಿದ ಏಷ್ಯನ್ನರು ಎಲ್ಲಿ ಸೇರಬೇಕು? 1922ರ ನವೆಂಬರಿನಲ್ಲಿ ಜಪಾನಿನ ಟಕಾವೊ ಒಜಾವಾ ಅವರ ಅರ್ಜಿಯನ್ನು ಕೋರ್ಟ್ ತಿರಸ್ಕರಿಸಿತು. ಬಿಳಿಯ ಎಂದರೆ ಬಣ್ಣವಲ್ಲ, ಕಾಕೇಸಿಯನ್ ಜನಾಂಗ ಎಂಬುದು ಅದರ ವಾದ. ಮೂರೇ ತಿಂಗಳ ನಂತರ ಥಿಂದ್ ಅದೇ ಮಾತನ್ನು ಹಿಡಿದರು: ಅಂದಿನ ಪಂಡಿತರ ವರ್ಗೀಕರಣದಂತೆ ತಾನು ಆರ್ಯ, ಕಾಕೇಸಿಯನ್, ಜೊತೆಗೆ ಮೇಲುಜಾತಿಯವನು. ಬಣ್ಣದ ಕಟ್ಟಳೆಯನ್ನು ದಾಟಲು ಜಾತಿಯ ಕಟ್ಟಳೆಯನ್ನೇ ಊರುಗೋಲು ಮಾಡಿಕೊಂಡದ್ದು ಈ ಮೊಕದ್ದಮೆಯ ಕಹಿ ಭಾಗ. ಅದೂ ಫಲಿಸಲಿಲ್ಲ. ಶಾಸ್ತ್ರ ಏನೇ ಹೇಳಲಿ, ಸಾಮಾನ್ಯ ಜನರ ತಿಳಿವಳಿಕೆಯಲ್ಲಿ ಭಾರತೀಯ ಬಿಳಿಯನಲ್ಲ ಎಂದಿತು ಕೋರ್ಟ್. ಎರಡೂ ತೀರ್ಪು ಬರೆದವರು ನ್ಯಾಯಮೂರ್ತಿ ಜಾರ್ಜ್ ಸದರ್‌ಲೆಂಡ್ ಒಬ್ಬರೇ!

ಮಾನವ ಭೂಗೋಳ ಶಾಸ್ತ್ರ ಇಂದು ಹೇಳುವುದೂ ಇದನ್ನೇ. ಜನಾಂಗ ನಿಸರ್ಗ ಎಳೆದ ಗೆರೆಯಲ್ಲ, ಅಧಿಕಾರ ಎಳೆದದ್ದು. ಆದರೆ ಗೆರೆ ಕಲ್ಪಿತವಾದರೂ ಅದರ ಪೆಟ್ಟು ಕಲ್ಪಿತವಲ್ಲ. ಆಗಲೇ ಪೌರತ್ವ ಪಡೆದಿದ್ದ ಅನೇಕ ಭಾರತೀಯರು ಅದನ್ನು ಕಳೆದುಕೊಂಡರು. ಅವರಲ್ಲೊಬ್ಬರಾದ ವೈಷ್ಣೋ ದಾಸ್ ಬಗಾಯ್ 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಕ್ಯಾಲಿಫೋರ್ನಿಯಾದಲ್ಲಿ 1913ರ ಕಾಯಿದೆಯ ಪ್ರಕಾರ, ಪೌರರಾಗಲು ಅರ್ಹರಲ್ಲದವರು ಜಮೀನು ಕೊಳ್ಳುವಂತಿರಲಿಲ್ಲ.

ಅದೇ ರಾಜ್ಯದ ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯಕ್ಕೆ ನಿಂತ ಪಂಜಾಬಿಗಳ ಕಥೆ ಇನ್ನೊಂದು ಬಗೆಯದು. ಊರಿನಿಂದ ಹೆಂಡಿರನ್ನು ಕರೆತರಲು 1917ರ ವಲಸೆ ಕಾಯಿದೆ ಅಡ್ಡಿಯಾಗಿತ್ತು. ಬಿಳಿಯರೊಡನೆ ವಿವಾಹಕ್ಕೂ ನಿಷೇಧ. ಹಲವರು ಮೆಕ್ಸಿಕೋ ಮೂಲದ ಹೆಣ್ಣುಗಳನ್ನು ಮದುವೆಯಾದರು. ಮಕ್ಕಳು ಸ್ಪ್ಯಾನಿಷ್ ಆಡಿದರು, ಚರ್ಚಿಗೆ ಹೋದರು, ಆದರೂ ತಮ್ಮನ್ನು ‘ಹಿಂದೂ’ ಎಂದು ಕರೆದುಕೊಂಡರು. ಭಾಷೆ, ಊಟ, ನೆಂಟಸ್ತನ, ನೆನಪುಗಳಿಂದ ಜನರೇ ಕಟ್ಟಿಕೊಳ್ಳುವ ಇಂಥ ಗುರುತನ್ನು ವಿದ್ವಾಂಸರು ಎಥ್ನಿಸಿಟಿ ಎನ್ನುತ್ತಾರೆ. ಜನಾಂಗ ಹೆಚ್ಚಾಗಿ ಪರರು ಹಚ್ಚುವ ಚೀಟಿ. ಇದು ಬಹುಮಟ್ಟಿಗೆ ತಾವೇ ತೊಡುವ ಉಡುಗೆ.

ಚೀಟಿಯೂ ಸ್ಥಿರವಲ್ಲ. 1930 ಮತ್ತು 1940ರ ಅಮೆರಿಕದ ಜನಗಣತಿಯಲ್ಲಿ ‘ಹಿಂದೂ’ ಎಂಬುದೇ ಒಂದು ಜನಾಂಗ. ಸಿಖ್ಖರೂ ಮುಸ್ಲಿಮರೂ ಅದರಲ್ಲೇ! 1970ರಲ್ಲಿ ಭಾರತೀಯರು ಬಿಳಿಯರ ಲೆಕ್ಕಕ್ಕೆ ಸೇರಿದರು. 1980ರಲ್ಲಿ ‘ಏಷ್ಯನ್ ಇಂಡಿಯನ್’ ಆದರು. ಮೈಬಣ್ಣ ಮಾತ್ರ ಅದೇ ಇತ್ತು.

ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ. ಹತ್ತೇ ವರ್ಷಗಳಲ್ಲಿ, ಅದೇ ಇಂಪೀರಿಯಲ್ ಕಣಿವೆಯ ರೈತ ದಲೀಪ್ ಸಿಂಗ್ ಸೌಂದ್ ಅಮೆರಿಕದ ಸಂಸತ್ತಿಗೆ ಆರಿಸಿಬಂದರು.