ನೆತ್ತರಿಲ್ಲದ ಗಾಯ

ನಮ್ಮ ಕನ್ನಡ ಶಾಸನಗಳಲ್ಲಿ ‘ನೆತ್ತರುಗೊಡಗೆ’ ಎಂಬ ಮಾತು ಬರುತ್ತದೆ. ಕಾಳಗದಲ್ಲಿ ಮಡಿದ ವೀರನ ಮನೆಯವರಿಗೆ ಬಿಟ್ಟುಕೊಡುತ್ತಿದ್ದ ಭೂಮಿಗೆ ಆ ಹೆಸರು. ಸುರಿದ ನೆತ್ತರನ್ನು ಊರು ಕಂಡಿರುತ್ತಿತ್ತು. ಕಲ್ಲು ಸಾಕ್ಷಿಯಾಗಿ ನಿಲ್ಲುತ್ತಿತ್ತು. ನೆತ್ತರೇ ಸುರಿಯದ ಗಾಯಕ್ಕೆ ಕೊಡಗೆ ಯಾವುದು?

1917ರಲ್ಲಿ ಜರ್ಮನರು ಮೊದಲು ರಣರಂಗಕ್ಕೆ ತಂದ ಸಾಸಿವೆ ಅನಿಲ ಅಂಥ ಗಾಯ ಮಾಡುವ ವಸ್ತು. ಒಗ್ಗರಣೆಯ ಸಾಸಿವೆಗೂ ಇದಕ್ಕೂ ವಾಸನೆಯ ಹೋಲಿಕೆಯ ಹೊರತು ನಂಟಿಲ್ಲ. ಸೋಂಕಿದ ಕೆಲವು ಗಂಟೆಗಳ ಮೇಲೆ ಕಣ್ಣು ಉರಿಯುತ್ತದೆ, ಮೈ ಬೊಕ್ಕೆಯೇಳುತ್ತದೆ. ಬೊಕ್ಕೆ ಮಾಯ್ದರೂ ವರ್ಷಗಳ ತರುವಾಯ ಶ್ವಾಸಕೋಶದ ಬೇನೆ, ಅರ್ಬುದ ರೋಗ ತಲೆದೋರಬಹುದು.

1930ರ ದಶಕದ ಆರಂಭದಿಂದ ಹತ್ತು ವರ್ಷಕ್ಕೂ ಮಿಕ್ಕಿ, ಬ್ರಿಟನ್ನಿನ ಪೋರ್ಟನ್ ಡೌನ್ ವಿಜ್ಞಾನಿಗಳು ರಾವಳಪಿಂಡಿಯಲ್ಲಿ ಈ ಅನಿಲವನ್ನು ನೂರಾರು ಭಾರತೀಯ ಸಿಪಾಯಿಗಳ ಮೇಲೆ ಪರೀಕ್ಷಿಸಿದರು. ಬಿಳಿಯರ ಚರ್ಮಕ್ಕಿಂತ ನಮ್ಮವರ ಚರ್ಮ ಹೆಚ್ಚು ಬೇಯುವುದೋ ಎಂಬುದು ಅವರ ಜಿಜ್ಞಾಸೆ! ಚಡ್ಡಿ, ಹತ್ತಿಯ ಅಂಗಿ ತೊಟ್ಟವರನ್ನೂ ಅನಿಲದ ಕೋಣೆಗೆ ಕಳುಹಿದರು. ಕೆಲವರು ಆಸ್ಪತ್ರೆ ಸೇರಿದರು. ಮುಂದೆ ಅವರ ಆರೋಗ್ಯವೇನಾಯಿತೆಂದು ಯಾರೂ ವಿಚಾರಿಸಲಿಲ್ಲ. 2007ರಲ್ಲಿ ಬ್ರಿಟನ್ನಿನ ಕಡತಗಳಿಂದ ಈ ಸಂಗತಿ ಪತ್ರಿಕೆಗೆ ಬಂತು.

ಅದೇ ಪೋರ್ಟನ್ ಡೌನಿನ ಪ್ರಯೋಗಗಳಿಗೆ ಈಡಾದ 360 ಬ್ರಿಟಿಷ್ ನಿವೃತ್ತ ಸೈನಿಕರು ಒಟ್ಟಾಗಿ ದಾವೆ ಹೂಡಿದ್ದರು. 2008ರಲ್ಲಿ ಅವರಿಗೆ ಸರಕಾರದ ಕ್ಷಮಾಪಣೆಯೂ 30 ಲಕ್ಷ ಪೌಂಡುಗಳ ಪರಿಹಾರವೂ ದೊರೆತವು. ಅವರು ಬದುಕಿದ್ದರು, ಹೆಸರಿತ್ತು, ಕೇಳಬಲ್ಲವರಾಗಿದ್ದರು. ರಾವಳಪಿಂಡಿಯ ಸಿಪಾಯಿಗೆ ಆ ಅವಕಾಶ ಒದಗಲಿಲ್ಲ.

ಅಮೆರಿಕನ್ನರು ವಿಯಟ್ನಾಮಿನಲ್ಲಿ 1962ರಿಂದ 1971ರವರೆಗೆ ಕಾಡಿನೆಲೆ ಉದುರಿಸುವ ವಿಷಗಳನ್ನು ಸಿಂಪಡಿಸಿದರು. ‘ಏಜೆಂಟ್ ಆರೆಂಜ್’ ಅವುಗಳಲ್ಲೊಂದು. ಅಲ್ಲಿ ದುಡಿದ ಸೈನಿಕನಿಗೆ ಗೊತ್ತುಪಡಿಸಿದ ಬೇನೆಗಳು ಬಂದರೆ ಅವು ಆ ವಿಷದಿಂದಲೇ ಬಂದವೆಂದು ಗ್ರಹಿಸಬೇಕೆಂದು 1991ರ ಕಾನೂನು ವಿಧಿಸಿತು. ರುಜುವಾತಿನ ಹೊರೆ ರೋಗಿಯ ತಲೆಯಿಂದ ಇಳಿಯಿತು. ನಮ್ಮ ಸುಪ್ರೀಂ ಕೋರ್ಟು ಕೂಡ 2013ರಲ್ಲಿ, ವಿಷದ ಪ್ರಕರಣವಲ್ಲದ ಒಬ್ಬ ಸಿಪಾಯಿಯ ಮೊಕದ್ದಮೆಯಲ್ಲಿ, ಸೇರುವಾಗ ದಾಖಲಾಗದಿದ್ದ ರೋಗ ಸೇವೆಯಿಂದ ಬಂದದ್ದೆಂದೇ ಎಣಿಸತಕ್ಕದ್ದೆಂದು ಅಂದಿನ ನಿಯಮಗಳನ್ನು ಅರ್ಥೈಸಿತು.

ಕಳ್ಳಕವಟಗಿಯ ಕಡೆಯಾಗಲಿ ವಿಜಯಪುರದ ಪೇಟೆಯಲ್ಲಾಗಲಿ, ನಿಮ್ಮ ಮನೆಯಲ್ಲಿ ದಂಡಿಗೆ ಹೋಗಿ ಬಂದ ಹಿರಿಯರಿದ್ದರೆ ಅವರ ಟ್ರಂಕಿನಲ್ಲಿರುವ ಡಿಸ್‌ಚಾರ್ಜ್ ಪುಸ್ತಕವನ್ನೂ ಆಸ್ಪತ್ರೆಯ ಚೀಟಿಗಳನ್ನೂ ಗೆದ್ದಲಿಗೆ ಬಿಡಬೇಡಿರಿ. ಅಂದು ಕಲ್ಲು ನುಡಿದ ಸಾಕ್ಷಿಯನ್ನು ಇಂದು ಆ ಕಾಗದವೇ ನುಡಿಯಬೇಕು.